ಮಾವನ ಗುಡುಗು ಪೆಟ್ಟಿಗೆ

ಬ್ಯಾಟರಿಗೆ ಹೋಗುವ ಒಂದು ತಂತಿ ತುಂಡಾಗಿತ್ತು. ಅಷ್ಟೇ ವಿಷಯ. ಬೆಸುಗೆಯಣ್ಣನ ಕಸುಬಿನಲ್ಲಿ ಇದು ಒಂದು ಲೋಟ ಚಹಾ ಆರುವುದರೊಳಗೆ ಮುಗಿಯುವ ಕೆಲಸ. ಆದರೆ ಆ ತಂತಿ ಇದ್ದದ್ದು ಅವನ ಮಾವನ ಪೆಟ್ಟಿಗೆಯೊಳಗೆ. ಮಾವನ ಪೆಟ್ಟಿಗೆ ಎಂದರೆ ಮಾವನ ಜೀವ.

ಪೆಟ್ಟಿಗೆ ಅಂದರೆ ಗಿಟಾರಿನವರು ಕಾಲಡಿ ಇಟ್ಟುಕೊಂಡು ತುಳಿಯುವ ಪೆಡಲ್. ತುಳಿಯುವ ಮೊದಲು ಗಿಟಾರು ಗಿಟಾರಿನ ಹಾಗೆ ನುಡಿಯುತ್ತದೆ. ತುಳಿದ ಮೇಲೆ ಕೆಲವು ಪೆಡಲ್ಲಿನಲ್ಲಿ ಬಾವಿಯೊಳಗಿಂದ ಮಾತಾಡುತ್ತದೆ, ಕೆಲವುಗಳಲ್ಲಿ ನೀರಿನಲ್ಲಿ ತೇಲುತ್ತದೆ. ಮಾವನದು ಗುರುಗುಟ್ಟುವ ಜಾತಿ. ಕೆಂಪು ಡಬ್ಬಿ, ಮೇಲೆ ಎರಡು ಗುಂಡಿ, ನಡುವೆ 'ಗುಡುಗು' ಎಂದು ಬಿಳಿಯ ಅಕ್ಷರ. ಹೋಟೆಲಿನ ಆರ್ಕೆಸ್ಟ್ರಾದಲ್ಲಿ ಮಾವ ಗಿಟಾರು ಬಾರಿಸುತ್ತಿದ್ದಷ್ಟು ಕಾಲವೂ ಅವರ ಬೂಟಿನ ಕೆಳಗೆ ಬಾಳಿದ್ದ ಆ ಪೆಡಲ್ ಅವರು ನಿವೃತ್ತರಾದ ಮೇಲೆ ತಾನೂ ಮೌನ ಹಿಡಿದಿತ್ತು.

ಅಳಿಯ ಇಂಥ ಪೆಡಲ್ ರಿಪೇರಿಯನ್ನೇ ಹೊಟ್ಟೆಪಾಡು ಮಾಡಿಕೊಂಡವನು. ಆದರೂ ಮಾವ ಅದನ್ನು ಅವನ ಕೈಗೆ ಕೊಟ್ಟಿರಲಿಲ್ಲ. "ಗಿಟಾರು ಬಾರಿಸೋನಿಗೆ ಮಗಳನ್ನ ಕೊಡೋಣ ಅಂತಿದ್ದೆ, ಬಿಚ್ಚೋನಿಗೆ ಕೊಟ್ಟಾಯ್ತು" ಎಂದು ನೆಂಟರ ಮುಂದೆ ಹೇಳುವುದು ಅವರ ವಾಡಿಕೆ. ಬೆಸುಗೆಯಣ್ಣ ಪ್ರತಿಸಲವೂ ಅದಕ್ಕೆ ಎಲ್ಲರಿಗಿಂತ ಮೊದಲೇ ನಕ್ಕುಬಿಡುತ್ತಿದ್ದ. ಕೊನೆಯಲ್ಲಿ ನಕ್ಕರೆ ನೋವಾಗಿದೆ ಎಂದು ಗೊತ್ತಾಗುತ್ತದಲ್ಲ.

ಅಂಥ ಮಾವ ಆ ದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆರೆಯುವುದಕ್ಕೂ ಮೊದಲೇ ಬಂದು ನಿಂತಿದ್ದರು. ಉಲ್ಲನ್ ಟೋಪಿಯೊಳಗೆ ಸುತ್ತಿದ್ದ ಪೆಡಲನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡಿದ್ದರು.

"ಅಳಿಯಂದ್ರೇ, ಸಾಯಂಕಾಲ ಒಬ್ಬರು ಸಂಗ್ರಾಹಕರು ಬರ್ತಾರೆ. ಹಳೇ ಪೆಡಲ್‌ಗಳನ್ನೆಲ್ಲ ಗಾಜಿನ ಕಪಾಟಲ್ಲಿ ಇಟ್ಟು, ಒಳಗೆ ದೀಪ ಹಾಕಿ, ಜನಕ್ಕೆ ತೋರಿಸ್ತಾರಂತೆ. ಇದು ಮೆಚ್ಚುಗೆ ಆದ್ರೆ ಅಲ್ಲಿಡ್ತಾರೆ. ಕೆಳಗೆ ನನ್ನ ಹೆಸರು, ನಮ್ಮ ಆರ್ಕೆಸ್ಟ್ರಾದ ಹೆಸರು."

"ಬಹಳ ಸಂತೋಷ ಮಾವ."

"ಸಂತೋಷ ಆಮೇಲೆ. ಮೊದಲು ಸದ್ದು ಬರಬೇಕು. ಆದ್ರೆ ಏನೂ ಬದಲಾಗಿರಬಾರದು. ಏನಾದ್ರೂ ಬದಲಾಗಿದ್ರೆ ಅವರು ಮುಟ್ಟೋದೂ ಇಲ್ಲವಂತೆ."

"ಏನೂ ಬದಲಾಗಲ್ಲ ಮಾವ."

"ಆಪರೇಷನ್‌ಗೆ ಮುಂಚೆ ಎಲ್ಲಾ ಡಾಕ್ಟರೂ ಹಾಗೇ ಹೇಳೋದು" ಎಂದು ಮಾವ ಟೋಪಿಯನ್ನು ಮಾತ್ರ ವಾಪಸು ತೆಗೆದುಕೊಂಡು ಹೋದರು.

ನಿಜ ಹೇಳಬೇಕೆಂದರೆ ಆ ಮಾತು ಅಳಿಯನಿಗೆ ಹೇಳುವ ಅಗತ್ಯವೇ ಇರಲಿಲ್ಲ. ಏನೂ ಬದಲಾಗಬಾರದು ಎನ್ನುವುದು ಅವನ ಕಸುಬಿನ ಧರ್ಮ. ಹಳೇ ಪೆಡಲ್ ತಂದು "ಇದಕ್ಕೊಂದು ತೂತು ಕೊರೆದು ಕರೆಂಟಿನ ಸಾಕೆಟ್ ಕೂರಿಸಿ" ಎಂದವರನ್ನು ಅವನು ಕೂರಿಸಿ, ನೀರು ಕೊಟ್ಟು, ಸಮಾಧಾನ ಹೇಳಿ ಕಳಿಸುತ್ತಿದ್ದ. ಕೊರೆದ ತೂತು ಮತ್ತೆ ಮುಚ್ಚುವುದಿಲ್ಲ; ತೂತು ಬಿದ್ದ ಪೆಡಲ್ಲಿಗೆ ಮರ್ಯಾದೆಯಿಲ್ಲ. ಏನೇ ಮಾಡಿದರೂ ನಾಳೆ ಬಿಚ್ಚಿ ಮೊದಲಿನಂತೆ ಮಾಡಲು ಬರಬೇಕು. ತೆಗೆದ ಚೂರನ್ನು ಪೊಟ್ಟಣ ಕಟ್ಟಿ ಒಡೆಯನಿಗೇ ಕೊಡಬೇಕು. ಒಳಗಿನ ಧೂಳನ್ನು ಕೂಡ ಅವನು ಊದುತ್ತಿರಲಿಲ್ಲ, ಅದೂ ಆ ಕಾಲದ್ದೇ ಎಂದು.

ಮಾವನ ಪೆಡಲ್ಲಿನ ಫೋಟೋವನ್ನು ಎಲ್ಲಾ ಮಗ್ಗುಲಿಂದಲೂ ಮೊಬೈಲಿನಲ್ಲಿ ತೆಗೆದುಕೊಂಡ. ಸ್ಕ್ರೂಗಳ ತಲೆ ಸವೆಯದಂತೆ ಉಸಿರು ಬಿಗಿಹಿಡಿದು ಬಿಚ್ಚಿದ. ಒಳಗಿನ ಭಾಗವನ್ನೆಲ್ಲ ಹೊರತೆಗೆದು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಮೇಜಿನ ಡ್ರಾಯರಿನಲ್ಲಿಟ್ಟ. ತುಂಡಾದ ತಂತಿಗೆ ಹತ್ತಿಯ ನೂಲಿನ ಹೊದಿಕೆಯಿತ್ತು. ಈಗಿನ ಪ್ಲಾಸ್ಟಿಕ್ ತಂತಿ ಹಾಕುವುದು ಅವನ ಮನಸ್ಸಿಗೆ ಬರಲಿಲ್ಲ. ಬೀದಿಯ ಕೊನೆಯಲ್ಲಿ ಹಳೇ ರೇಡಿಯೋ ಮಾರುವ ಮುದುಕನ ಬಳಿ ಅಂಥದು ಸಿಗುತ್ತದೆ. ಖಾಲಿ ಡಬ್ಬಿಯನ್ನು ಕಿಟಕಿಯ ಮೇಲಿಟ್ಟು, ಪಕ್ಕದ ಅಂಗಡಿಯ ಹೊಲಿಗೆಯಕ್ಕನಿಗೆ ಕೂಗಿ ಹೇಳಿದ.

"ಅಕ್ಕಾ, ಒಂದು ಗಳಿಗೆ ಇತ್ತ ಕಣ್ಣಿಟ್ಟಿರಿ. ಆ ಕೆಂಪು ಡಬ್ಬಿ ಮಾವಂದು. ಸಾಯಂಕಾಲ ದೊಡ್ಡ ಮನುಷ್ಯರು ನೋಡೋಕೆ ಬರ್ತಾರೆ."

ಹೊಲಿಗೆಯಕ್ಕ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೂಂ ಎಂದಳು. ಅವಳ ದೋಷವೆಂದರೆ ಒಂದೇ: ಕಣ್ಣಿಡು ಎಂದರೆ ಅವಳು ಬರೀ ಕಣ್ಣಿಟ್ಟು ಸುಮ್ಮನಿರುವವಳಲ್ಲ. ಎದ್ದು ಬಂದು ಡಬ್ಬಿಯನ್ನು ನೋಡಿದಳು. ಬಣ್ಣ ಚಕ್ಕೆಯೆದ್ದಿತ್ತು, ಮೂಲೆಯಲ್ಲಿ ಸಿಗರೇಟಿನಿಂದ ಸುಟ್ಟ ಗುರುತು, ಬೂಟು ತಾಗಿ ತಾಗಿ ನಡುಭಾಗ ತಗಡು ಕಾಣುವಷ್ಟು ಸವೆದಿತ್ತು. 'ಪಾಪ, ಮಾವನ ಮುಂದೆ ಈ ಮನುಷ್ಯನ ಮಾನ ಹೋಗುತ್ತೆ' ಎಂದುಕೊಂಡು ಅತ್ತಕಡೆಯ ಬೋರ್ಡು ಬರೆಯುವ ಕುಂಚಪ್ಪನನ್ನು ಕರೆದಳು. ಕುಂಚಪ್ಪ ಬೆಸುಗೆಯಣ್ಣನ ಜೀವದ ಗೆಳೆಯ. ಗೆಳೆಯನಿಗಾಗಿ ಏನನ್ನಾದರೂ ಮಾಡುವವನು, ಕೇಳದಿದ್ದರೂ ಮಾಡುವವನು.

ರೇಡಿಯೋ ಮುದುಕ ಸುಮ್ಮನೆ ತಂತಿ ಕೊಡುವ ಆಸಾಮಿಯಲ್ಲ. ತನ್ನ ಮಂಡಿನೋವಿನ ಕತೆಯನ್ನು ಹುಟ್ಟಿನಿಂದ ಹೇಳಿ ಮುಗಿಸಿ ಒಂದು ಗೇಣು ತಂತಿ ಕೊಟ್ಟ. ಬೆಸುಗೆಯಣ್ಣ ಅದನ್ನು ಜೇಬಿನಲ್ಲಿಟ್ಟುಕೊಂಡು ಮದುವೆ ಮನೆಯಿಂದ ಬಂದವನಂತೆ ಖುಷಿಯಾಗಿ ಬಂದ. ಬಂದು ಕಿಟಕಿ ನೋಡಿದ.

ಕಿಟಕಿಯ ಮೇಲೆ ಒಂದು ಟೊಮೆಟೊ ಕೂತಿತ್ತು. ಅಷ್ಟು ಕೆಂಪು, ಅಷ್ಟು ಹೊಳಪು. ಹತ್ತಿರ ಹೋದರೆ ಅದರಲ್ಲಿ ಅವನ ಮುಖವೇ ಕಂಡಿತು. 'ಗುಡುಗು' ಎಂಬ ಅಕ್ಷರಗಳಿಗೆ ಹಳದಿ ನೆರಳು ಬಂದಿತ್ತು. 'ಡು' ಅಕ್ಷರದ ಕೊಂಬು ಬಳ್ಳಿಯಾಗಿ ಮುಂದುವರಿದು ಮೂಲೆಯಲ್ಲಿ ಹೂ ಬಿಟ್ಟಿತ್ತು.

"ಮುಟ್ಟಿ ನೋಡು, ಒಣಗಿದೆ" ಎಂದ ಕುಂಚಪ್ಪ, ಕೈಯೊರೆಸಿಕೊಳ್ಳುತ್ತ. "ಬೇಗ ಒಣಗೋ ಬಣ್ಣ. ಹೂವು ನನ್ನ ಕಡೆಯಿಂದ."

ಬೆಸುಗೆಯಣ್ಣ ಸ್ಟೂಲು ಎಲ್ಲಿದೆ ಎಂದು ನೋಡದೆ ಕೂತ. ಪುಣ್ಯಕ್ಕೆ ಸ್ಟೂಲು ಅಲ್ಲೇ ಇತ್ತು.

"ಏನಾಯ್ತಣ್ಣ, ಹಸಿರು ಇರಬೇಕಿತ್ತಾ?" ಎಂದಳು ಹೊಲಿಗೆಯಕ್ಕ.

ಅವನು ಹೇಳಿದ. ಹಳೇ ಬಣ್ಣವೇ ಅದರ ಬೆಲೆ, ಗೀರೇ ಅದರ ಗೌರವ, ಸವೆತವೇ ಅದರ ಸಾಕ್ಷಿ ಎಂದು. ಕುಂಚಪ್ಪನ ಮುಖ ಹರಳೆಣ್ಣೆ ಕುಡಿದಂತಾಯಿತು. ಹೊಲಿಗೆಯಕ್ಕ ಬಾಯಲ್ಲಿದ್ದ ಸೂಜಿಗಳನ್ನು ಒಂದೊಂದಾಗಿ ತೆಗೆದು ರವಿಕೆಗೆ ಚುಚ್ಚಿಕೊಂಡಳು. ಅವಳು ಸೂಜಿ ತೆಗೆದಳೆಂದರೆ ವಿಷಯ ಗಂಭೀರ.

"ಹಚ್ಚಿದ್ದು ತಾನೇ, ತೆಗೆದ್ರಾಯ್ತು. ತಿನ್ನರ್ ಇದೆ" ಎಂದ ಕುಂಚಪ್ಪ.

ತಿನ್ನರಿನಲ್ಲಿ ಬಟ್ಟೆ ಅದ್ದಿ ಉಜ್ಜಿದರು. ಹೂ ಹೋಯಿತು, ಬಳ್ಳಿ ಹೋಯಿತು, ಹೊಸ ಕೆಂಪು ಹೋಯಿತು. ಹಳೇ ಕೆಂಪು ಇಣುಕಿದ್ದೇ ತಡ, ಮೂವರೂ ನಿಟ್ಟುಸಿರು ಬಿಟ್ಟರು. ಆ ನಿಟ್ಟುಸಿರು ಮುಗಿಯುವಷ್ಟರಲ್ಲಿ ಹಳೇ ಕೆಂಪೂ ಬಟ್ಟೆಗೆ ಬಂತು. ಕೈ ನಿಲ್ಲಿಸುವ ಹೊತ್ತಿಗೆ ಡಬ್ಬಿ ಬೋಳಿಸಿದ ತಲೆಯ ಹಾಗೆ ಮಿನುಗುತ್ತಿತ್ತು.

ಅದೇ ಗಳಿಗೆಗೆ ಹೆಂಡತಿಯ ಫೋನು ಬಂತು. "ಅಪ್ಪನ ಪೆಟ್ಟಿಗೆ ಹೇಗಿದೆ ರೀ?"

"ಹೊಳೀತಿದೆ" ಎಂದ. ಸುಳ್ಳೇನೂ ಅಲ್ಲ.

ಮಾವನಿಗೆ ಫೋನು ಮಾಡಿ ಎಲ್ಲ ಒಪ್ಪಿಕೊಂಡುಬಿಡೋಣ ಎಂದು ಅವನಿಗೆ ಅನಿಸಿತು. ಮಾಡಿಯೂ ಮಾಡಿದ. "ಮಾವ, ಒಂದು ವಿಷಯ" ಎನ್ನುವಷ್ಟರಲ್ಲಿ ಅತ್ತಲಿಂದ, "ಅಳಿಯಂದ್ರೇ, ನಮ್ಮ ಆರ್ಕೆಸ್ಟ್ರಾದಲ್ಲಿ ಬದುಕಿರೋರಿಗೆಲ್ಲ ಹೇಳಿಬಿಟ್ಟೆ. ಡ್ರಮ್ಮಿನವನು ಅಳ್ತಾ ಇದಾನೆ. ಈಗ ಅಂಗಿ ಇಸ್ತ್ರಿ ಮಾಡಿಸ್ಕೊಂಡು ಬರ್ತೀನಿ, ಇಡ್ತೀನಿ" ಎಂದು ಫೋನು ಕಟ್ಟಾಯಿತು. ಡ್ರಮ್ಮಿನವನೇ ಅಳುತ್ತಿರುವಾಗ ಯಾವ ಬಾಯಿಂದ ಹೇಳುವುದು?

"ಫೋಟೋ ಇದೆ ಅಂದ್ಯಲ್ಲ, ತೋರಿಸು" ಎಂದ ಕುಂಚಪ್ಪ. ಮೊಬೈಲನ್ನು ಗೋಡೆಗೆ ಒರಗಿಸಿ, ತಲೆ ಓರೆ ಮಾಡಿ ನೋಡಿದ. "ಹೊಸದು ಬರೆಯೋದು ಎಲ್ಲರೂ ಬರೀತಾರೆ. ಹಳೇದು ಬರೆಯೋಕೆ ನನಗೆ ಯಾರೂ ಹೇಳಿರಲಿಲ್ಲ."

ಆ ಮಧ್ಯಾಹ್ನ ಮೂರು ಅಂಗಡಿಗಳ ವ್ಯಾಪಾರ ನಿಂತಿತು. ಕುಂಚಪ್ಪ ಕೆಂಪಿಗೆ ಚೂರು ಕಂದು, ಚೂರು ಕಪ್ಪು ಬೆರೆಸಿ, ಬಿಸಿಲಿಗೆ ಬಾಡಿದ ಕೆಂಪನ್ನು ತಂದ. ಅಕ್ಷರಗಳನ್ನು ಬರೆದು, ಬರೆದದ್ದನ್ನು ಬೆರಳಿನಿಂದ ಅಳಿಸಿ, ಅಳಿಸಿದ್ದನ್ನು ಮತ್ತೆ ಅರ್ಧ ಬರೆದ. ಬಣ್ಣ ಒಣಗಲೆಂದು ಹೊಲಿಗೆಯಕ್ಕ ಇಸ್ತ್ರಿಪೆಟ್ಟಿಗೆಯನ್ನು ಮೇಲೆ ಹಿಡಿದಳು. ಹಳೇ ಕೊಳೆ ಕಾಣಲೆಂದು ಮೇಲೆ ಚಹಾದ ಕಷಾಯ ಒಂದು ಕೈ ಬಳಿದರು. ಆಮೇಲೆ ಅವಳು ಸೂಜಿ ಹಿಡಿದು ಫೋಟೋ ನೋಡಿಕೊಂಡು ಒಂದೊಂದೇ ಗೀರು ಎಳೆದಳು, ಸೀರೆಯಂಚಿಗೆ ಕಸೂತಿ ಹಾಕುವವಳ ಶ್ರದ್ಧೆಯಲ್ಲಿ. "ಇಲ್ಲೊಂದು ಗೀರು ಇಂಗ್ಲಿಷಿನ ವೈ ಥರ ಇದೆ, ಅದರ ಬಾಲ ಎಡಕ್ಕಾ ಬಲಕ್ಕಾ ಅಣ್ಣ?" ಎಂದು ಕೇಳಿ ಕೇಳಿ ಎಳೆದಳು.

ಉಳಿದದ್ದು ಬೂಟಿನ ಸವೆತ. ಉಪ್ಪುಕಾಗದದಲ್ಲಿ ಉಜ್ಜಿದರೆ ಉಜ್ಜಿದ ಹಾಗೆಯೇ ಕಾಣುತ್ತದೆ, ತುಳಿದ ಹಾಗಲ್ಲ ಎಂದ ಬೆಸುಗೆಯಣ್ಣ. ಇಷ್ಟು ಹೊತ್ತಿಗೆ ಅವನಿಗೂ ಒಳಗೊಳಗೇ ಉತ್ಸಾಹ ಹುಟ್ಟಿತ್ತು. ಅದಕ್ಕಾಗಿ ನಾಚಿಕೆಯೂ ಹುಟ್ಟಿತ್ತು.

"ತುಳಿಯೋದೇ ತಾನೇ" ಎಂದಳು ಹೊಲಿಗೆಯಕ್ಕ. ಡಬ್ಬಿಯನ್ನು ತನ್ನ ಹೊಲಿಗೆ ಯಂತ್ರದ ಪೆಡಲ್ಲಿನ ಮೇಲೆ ದಾರದಿಂದ ಕಟ್ಟಿ, ಮೇಲೆ ಸ್ವಲ್ಪ ಇಟ್ಟಿಗೆ ಪುಡಿ ಉದುರಿಸಿ, ಚಪ್ಪಲಿ ಕಾಲಿಟ್ಟು ಯಂತ್ರ ಓಡಿಸತೊಡಗಿದಳು. ಬಾಕಿಯಿದ್ದ ಪರದೆಗಳೆಲ್ಲ ಒಂದಾದ ಮೇಲೊಂದು ಹೊಲಿದು ಮುಗಿದವು. ಕೆಳಗೆ ಮಾವನ ಆಯುಷ್ಯದ ಸಂಗೀತ ಸೇವೆ ಡಬ್ಬಿಯ ಮೇಲೆ ನಿಧಾನವಾಗಿ ಮೂಡಿತು. ಕೊನೆಯಲ್ಲಿ ಬೆಸುಗೆಯಣ್ಣ ಕಾದ ಬೆಸುಗೆ ಕಡ್ಡಿಯ ತುದಿಯನ್ನು ಮೂಲೆಗೆ ಮುಟ್ಟಿಸಿ ಸಿಗರೇಟಿನ ಗುರುತು ಮಾಡಿದ.

ಅದಾದ ಮೇಲೆ ತನ್ನ ನಿಜವಾದ ಕೆಲಸಕ್ಕೆ ಕೂತ. ಹಳೇ ತಂತಿಯ ಜಾಗಕ್ಕೆ ಮುದುಕನ ತಂತಿಯನ್ನು ಬೆಸೆದ, ತುಂಡಾದ ಚೂರನ್ನು ಪೊಟ್ಟಣ ಕಟ್ಟಿದ, ಒಳಭಾಗವನ್ನು ಒಂದು ಕೂದಲೂ ಕೊಂಕದಂತೆ ಡಬ್ಬಿಯೊಳಗೆ ಇಳಿಸಿ ಸ್ಕ್ರೂ ಬಿಗಿದ. ಗಿಟಾರು ಹಚ್ಚಿ ತುಳಿದ. ಗುಡುಗು ಗುಡುಗಿತು. ಏನೇ ಆದರೂ ಮಾವ ಒಬ್ಬರೇ ಮೊದಲು ಬಂದರೆ ಬಾಗಿಲಲ್ಲೇ ನಿಜ ಹೇಳಿಬಿಡುವುದೆಂದು ಅವನು ಗಟ್ಟಿ ಮನಸ್ಸು ಮಾಡಿದ.

ಮಾವ ಒಬ್ಬರೇ ಬರಲಿಲ್ಲ. ಇಸ್ತ್ರಿ ಮಾಡಿದ ಅಂಗಿಯಲ್ಲಿ, ಸಂಗ್ರಾಹಕರ ಜೊತೆಯಲ್ಲೇ ಬಂದರು. ಸಂಗ್ರಾಹಕರು ತೆಳ್ಳಗೆ, ಗಡಿಯಾರ ರಿಪೇರಿಯವರ ಹಾಗೆ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದ ಮನುಷ್ಯ. ಬಾಗಿಲಲ್ಲಿ ಒಮ್ಮೆ ಮೂಗರಳಿಸಿದರು.

"ಪಕ್ಕದಲ್ಲಿ ಬೋರ್ಡು ಬರೆಯೋ ಅಂಗಡಿ ಸಾರ್. ಯಾವಾಗ್ಲೂ ತಿನ್ನರ್ ವಾಸನೆ" ಎಂದರು ಮಾವ, ತಾವಾಗಿಯೇ. ಕುಂಚಪ್ಪ ಕೈಮುಗಿದ.

ಸಂಗ್ರಾಹಕರು ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಪೆಡಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಬಹಳ ಹೊತ್ತಾದ ಮೇಲೆ ಭೂತಗನ್ನಡಿ ತೆಗೆದರು. ಅವರ ಕಣ್ಣು ಒದ್ದೆಯಾಗಿತ್ತು.

"ಎಷ್ಟೋ ನಕಲಿ ನೋಡಿದೀನಿ. ಹೊರಗಿಂದ ನನಗೆ ಮೋಸ ಮಾಡೋಕೆ ಯಾರಿಂದಲೂ ಆಗಲ್ಲ. ಈ ಗೀರು ನೋಡಿ, ವೈ ಥರದ್ದು. ಇದನ್ನ ಕಾಲ ಮಾತ್ರ ಎಳೀಬಲ್ಲದು. ಈ ಸವೆತ ನೋಡಿ, ಪಾದ ಸ್ವಲ್ಪ ಒಳಕ್ಕೆ ತಿರುಗಿದೆ. ತಾಳ ಗೊತ್ತಿರೋರ ಕಾಲು ಇದು."

"ನನ್ನ ಹೆಜ್ಜೆನೇ ಹಾಗೆ" ಎಂದು ಮಾವ ತಮ್ಮ ಪಾದವನ್ನು ಸ್ವಲ್ಪ ಒಳಕ್ಕೆ ತಿರುಗಿಸಿ ನೋಡಿಕೊಂಡರು. ಹೊಲಿಗೆಯಕ್ಕ ತನ್ನ ಕಾಲನ್ನು ಸೀರೆಯ ನಿರಿಗೆಯೊಳಗೆ ಎಳೆದುಕೊಂಡಳು. "ಈ ಸುಟ್ಟ ಗುರುತಿದೆಯಲ್ಲ ಸಾರ್, ಇದು ನಮ್ಮ ಡ್ರಮ್ಮಿನವನ ಸಿಗರೇಟು. ಹೊಸ ವರ್ಷದ ರಾತ್ರಿ, ನಾನು ಬಾರಿಸ್ತಾ ಇದ್ದಾಗ ಇಟ್ಟುಬಿಟ್ಟ. ಬೈದಿದ್ದೆ. ಇವತ್ತು ನೋಡಿದ್ರೆ ಅವನನ್ನೇ ನೋಡಿದ ಹಾಗಾಗುತ್ತೆ."

ಬೆಸುಗೆಯಣ್ಣನಿಗೆ ತಡೆಯಲಾಗಲಿಲ್ಲ. "ಸಾರ್, ಕ್ಷಮಿಸಬೇಕು. ಮಾವ, ನೀವೂ. ಆ ಬಣ್ಣ ಇವತ್ತು ಹಚ್ಚಿದ್ದು. ಸುಟ್ಟ ಗುರುತು ನಾನು ಮಾಡಿದ್ದು."

"ಬಣ್ಣ ನಾನು ಸಾರ್" ಎಂದ ಕುಂಚಪ್ಪ.

"ಆ ವೈ ನಂದು" ಎಂದಳು ಹೊಲಿಗೆಯಕ್ಕ.

ಸಂಗ್ರಾಹಕರು ಮೂವರನ್ನೂ ನೋಡಿ ಮೆಲ್ಲನೆ ನಕ್ಕರು. "ಅರ್ಥ ಆಗುತ್ತೆ. ಹಳೇ ಸಾಮಾನು ಬಿಟ್ಟುಕೊಡೋವಾಗ ಎಲ್ಲ ಕಡೆ ಹೀಗೇ. ಮನೆಯವರಿಗೆ ಕರುಳು ಚುರ್ ಅನ್ನುತ್ತೆ, ಏನೋ ಒಂದು ಕತೆ ಕಟ್ತಾರೆ. ಒಬ್ಬರಂತೂ ಇದರಲ್ಲಿ ದೆವ್ವ ಇದೆ ಅಂದಿದ್ರು." ಮಾವ ಅಳಿಯನನ್ನು ನೋಡಿದ ನೋಟದಲ್ಲಿ, ಮನೆಗೆ ಬಂದವರ ಮುಂದೆ ಮಾನ ಕಳೆಯಬೇಡ ಎಂಬ ಮಾತಿತ್ತು. ಅವನು ಮೊಬೈಲಿನ ಫೋಟೋ ತೋರಿಸಿದ. ಸಂಗ್ರಾಹಕರು ಫೋಟೋವನ್ನೂ ಡಬ್ಬಿಯನ್ನೂ ಪಕ್ಕಪಕ್ಕ ಹಿಡಿದು ನೋಡಿ, "ಅದೇ ಇದು. ಗೀರಿಗೆ ಗೀರು ಸರಿಯಿದೆ" ಎಂದು ವಾಪಸು ಕೊಟ್ಟರು.

"ಈಗ ಒಳಗೆ ನೋಡೋಣ."

ಬೆಸುಗೆಯಣ್ಣನ ಎದೆ ಹಗುರವಾಯಿತು. ಒಳಗೆ ಎಲ್ಲವೂ ಚೊಕ್ಕ, ಎಲ್ಲವೂ ಸತ್ಯ. ಸ್ಕ್ರೂ ಬಿಚ್ಚಿ ಮುಂದಿಟ್ಟ. ಸಂಗ್ರಾಹಕರು ಭೂತಗನ್ನಡಿ ಹಾಕಿ ಬಗ್ಗಿದರು. ಬಗ್ಗಿದವರು ಬೇಗ ಎದ್ದರು.

"ಇದು ನಕಲಿ."

ಅಂಗಡಿಯಲ್ಲಿ ಸೂಜಿ ಬಿದ್ದರೂ ಕೇಳುತ್ತಿತ್ತು. ಒಂದು ಬಿದ್ದಿತು ಕೂಡ, ಹೊಲಿಗೆಯಕ್ಕನ ಕಡೆಯಿಂದ.

"ಒಂದು ಕಡೆ ಹಳದಿ ತಂತಿ, ಇನ್ನೊಂದು ಕಡೆ ನೀಲಿ. ಎರಡು ಟ್ರಾನ್ಸಿಸ್ಟರು ಒಂದಕ್ಕೊಂದು ಹೋಲೋದೇ ಇಲ್ಲ. ಕಂಪನಿಯವರು ಹೀಗೆ ಮಾಡ್ತಾರಾ? ಯಾರೋ ಅಸಲಿ ತೆಗೆದು ಸಿಕ್ಕಿದ್ದೆಲ್ಲ ತುಂಬಿದಾರೆ."

"ಸಾರ್, ಮೊದಮೊದಲಿನವನ್ನ ಕೈಯಲ್ಲೇ ಜೋಡಿಸ್ತಿದ್ರು. ಅವತ್ತು ಯಾವ ತಂತಿ ಇತ್ತೋ ಅದನ್ನೇ ಹಾಕ್ತಿದ್ರು. ನಾನು ಬದಲಾಯಿಸಿದ್ದು ಬ್ಯಾಟರಿಯ ಒಂದೇ ತಂತಿ. ತೆಗೆದ ಚೂರು ಇಲ್ಲಿದೆ ನೋಡಿ" ಎಂದು ಬೆಸುಗೆಯಣ್ಣ ಪೊಟ್ಟಣ ಬಿಚ್ಚಿದ.

ಸಂಗ್ರಾಹಕರು ಚೂರನ್ನು ಚಿಮಟದಲ್ಲಿ ಎತ್ತಿ ನೋಡಿದರು. "ಇದು ಅಸಲಿ" ಎಂದರು. "ಅಸಲಿದ್ದ ಒಂದನ್ನೂ ತೆಗೆದಿದೀರಿ."

ಹೊರಗಿನದು ನಕಲಿ ಎಂದರೂ ನಂಬರು, ಒಳಗಿನದು ಅಸಲಿ ಎಂದರೂ ನಂಬರು. ಇನ್ನು ಯಾವ ಮಗ್ಗುಲಿಂದ ಹೇಳುವುದು?

ಸಂಗ್ರಾಹಕರು ತಮ್ಮ ಬಳಿ ಇನ್ನೊಂದು 'ಗುಡುಗು' ಇದೆಯೆಂದೂ, ಅದರ ಒಳಭಾಗ ಸರಿಯಾಗಿದ್ದು ಡಬ್ಬಿ ಮಾತ್ರ ತುಕ್ಕು ತಿಂದುಹೋಗಿದೆಯೆಂದೂ ಹೇಳಿದರು. "ನಿಮ್ಮ ಡಬ್ಬಿ, ನಮ್ಮ ಒಳಭಾಗ. ಎರಡೂ ಸೇರಿದ್ರೆ ಒಂದು ಶುದ್ಧ ಅಸಲಿ. ಕೆಳಗೆ ನಿಮ್ಮ ಹೆಸರೇ ಇರುತ್ತೆ ಸ್ವಾಮಿ. ಆ ತಂತಿಯ ಚೂರನ್ನೂ ಪಕ್ಕದಲ್ಲಿಡ್ತೀನಿ."

ಮಾವ ಒಪ್ಪಿದರು. ಸಂಗ್ರಾಹಕರು ಖಾಲಿ ಡಬ್ಬಿಯನ್ನು ವೆಲ್ವೆಟ್ಟಿನ ಚೀಲದಲ್ಲಿಟ್ಟುಕೊಂಡು ಎಲ್ಲರ ಕೈ ಕುಲುಕಿ ಹೊರಟರು. ಕುಂಚಪ್ಪ ಅವರ ಕಾರು ತಿರುವು ದಾಟುವವರೆಗೂ ನೋಡುತ್ತ ನಿಂತಿದ್ದು, "ನನ್ನದೊಂದು ಗಾಜಿನ ಕಪಾಟಿಗೆ ಹೋಯ್ತು" ಎಂದು ತನಗೆ ತಾನೇ ಹೇಳಿಕೊಂಡು ತನ್ನಂಗಡಿಗೆ ಹೋದ. ಹೊಲಿಗೆಯಕ್ಕ ಪರದೆ ಮಡಿಸಲು ಹೋದಳು.

ಮಾವ, ಅಳಿಯ, ಮೇಜಿನ ಮೇಲೆ ಬೆತ್ತಲೆ ಬಿದ್ದಿದ್ದ ಒಳಭಾಗ, ಮೂವರೇ ಉಳಿದರು.

"ಅಸಲಿದು ಎಲ್ಲಿ ಹೋಯ್ತು ಅಳಿಯಂದ್ರೇ?"

"ಅದೇ ಇದು ಮಾವ. ನಿಮ್ಮಾಣೆ."

ಮಾವ ಗೋಡೆಯ ಮೇಲಿದ್ದ ಗಿಟಾರು ಇಳಿಸಿಕೊಂಡು ಸ್ಟೂಲಿನ ಮೇಲೆ ಕೂತರು. "ಹಚ್ಚಿ ನೋಡೋಣ. ನಕಲಿ ಹೇಗೆ ನುಡಿಯುತ್ತೋ ಕೇಳೋಣ."

ಬೆಸುಗೆಯಣ್ಣ ತಂತಿಗಳನ್ನು ಸಿಕ್ಕಿಸಿ, ತುಳಿಯಲು ಡಬ್ಬಿಯಿಲ್ಲದ ಕಾರಣ ಸ್ವಿಚ್ಚನ್ನು ಬೆರಳಿನಿಂದ ಒತ್ತಿದ. ಮಾವ ಒಂದು ತಂತಿ ಮೀಟಿದರು. ಕೊಠಡಿಯ ಗಾಜೆಲ್ಲ ಝುಮ್ಮೆಂದಿತು. ಇನ್ನೊಂದು ಮೀಟಿದರು. ಆಮೇಲೆ ನಿಲ್ಲಿಸಲಿಲ್ಲ. ಹೋಟೆಲಿನಲ್ಲಿ ಬಾರಿಸುತ್ತಿದ್ದದ್ದನ್ನೆಲ್ಲ ಬಾರಿಸಿದರು. ಇಸ್ತ್ರಿ ಮಾಡಿದ ಅಂಗಿ ಬೆವರಿಗೆ ಬೆನ್ನಿಗಂಟಿತು. ಬೀದಿಯಲ್ಲಿ ಹೋಗುತ್ತಿದ್ದವರು ಸೈಕಲ್ ನಿಲ್ಲಿಸಿ ಕೇಳಿದರು. ಮಾವನ ಕಾಲು, ಒಳಕ್ಕಲ್ಲ, ಹೊರಕ್ಕೆ ತಿರುಗಿ ತಾಳ ಹಾಕುತ್ತಿತ್ತು.

ಕೊನೆಗೆ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ಮಾವ ಅಳಿಯನನ್ನು ಮೊದಲ ಸಲ ಕಂಡವರಂತೆ ನೋಡಿದರು.

"ಇದನ್ನ ನೀವೇ ಕೂತು ಮಾಡಿದ್ದಾ?"

"ಮಾವ, ನಾನು ಹೇಳಿದೆನಲ್ಲ, ಇದು..."

"ಸಂಕೋಚ ಬೇಡ. ಅವರು ನಕಲಿ ಅಂದ್ರು ಅಂತ ಬೇಜಾರೂ ಬೇಡ. ನಾನು ಆಯುಷ್ಯವೆಲ್ಲ ಕೇಳಿದ ಸದ್ದು ಇದು. ಇಂಥದ್ದನ್ನ ಸಿಕ್ಕಿದ ತಂತಿಯಲ್ಲಿ ಹುಟ್ಟಿಸಿದೀರಿ ಅಂದ್ರೆ..." ಮಾವ ಮಾತು ಹುಡುಕಿದರು. "ನಿಮ್ಮನ್ನ ನಾನು ಬರೀ ಬಿಚ್ಚೋನು ಅಂದ್ಕೊಂಡಿದ್ದೆ. ತಪ್ಪು ನಂದು. ನಿಜ ಹೇಳ್ಲಾ, ಅಸಲಿಗಿಂತ ಒಂದು ಕೈ ಮೇಲೇ ಇದೆ."

ಬೆಸುಗೆಯಣ್ಣ ಬಾಯಿ ತೆರೆದ. ಸತ್ಯವನ್ನು ಆ ದಿನ ಆಗಲೇ ಎಷ್ಟು ಸಲ ಹೇಳಿಯಾಗಿತ್ತು. ಒಮ್ಮೆಯೂ ಅದು ಯಾರ ಕಿವಿಗೂ ಬಿದ್ದಿರಲಿಲ್ಲ. ಈ ಮಾತಿಗಾದರೋ ಅವನು ಮದುವೆಯಾದ ದಿನದಿಂದ ಕಾದಿದ್ದ. ತಾನು ಮಾಡದ ಕೆಲಸಕ್ಕೆ ಬಂದ ಮೆಚ್ಚುಗೆಯಾದರೂ ಮೆಚ್ಚುಗೆಯೇ. ತೆರೆದ ಬಾಯಿಯಿಂದ "ಹೂಂ ಮಾವ" ಎಂದಷ್ಟೇ ಹೊರಬಂತು. ಹೊಟ್ಟೆಯೊಳಗೆ ಬೆಚ್ಚಗಿನ ಹಾಲು ಇಳಿದಂತಾಯಿತು.

ಆ ಹಾಲು ಪೂರ್ತಿ ಇಳಿಯುವುದಕ್ಕೂ ಬಿಡದೆ ಮಾವ ಫೋನು ಎತ್ತಿದ್ದರು.

"ಲೋ ಡ್ರಮ್ಮು, ಅಳು ನಿಲ್ಲಿಸು, ಕೇಳು. ನಮ್ಮ ಅಳಿಯ ಗುಡುಗು ತಯಾರಿಸ್ತಾರೆ ಕಣೋ. ಹೂಂ, ಹೊಸದಾಗಿ. ಸಿಕ್ಕಿದ ತಂತಿಯಲ್ಲಿ. ಪಕ್ಕದಲ್ಲೇ ಬಣ್ಣದವನೂ ಇದಾನೆ. ನಿನ್ನ ಮಗನಿಗೆ ಒಂದು ತಾನೇ? ಆಗಲಿ. ಬೇಸ್ ಗಿಟಾರಿನವನ ತಮ್ಮನಿಗೂ ಹೇಳು. ಪಿಯಾನೋದವನ ಮೊಮ್ಮಕ್ಕಳಿಗೂ ಕೇಳು."

ಗುಡುಗಿನ ಸದ್ದು ಹುಟ್ಟಿಸುವ ಆ ಎರಡು ಟ್ರಾನ್ಸಿಸ್ಟರುಗಳನ್ನು ಮಾಡುವುದನ್ನು ಲೋಕದಲ್ಲಿ ಬೆಸುಗೆಯಣ್ಣ ಹುಟ್ಟುವುದಕ್ಕೂ ಮೊದಲೇ ನಿಲ್ಲಿಸಿದ್ದರು. ಅವನು ಸ್ಟೂಲಿಗಾಗಿ ಹಿಂದಕ್ಕೆ ಕೈ ಚಾಚಿದ. ಸ್ಟೂಲಿನ ಮೇಲೆ ಮಾವ ಕೂತಿದ್ದರು. ಫೋನಿನ ಮೇಲೆ ಅಂಗೈ ಮುಚ್ಚಿಕೊಂಡು, ಅವರು ಅಕ್ಕರೆಯಿಂದ ಕೇಳಿದರು:

"ಅಳಿಯಂದ್ರೇ, ಬರೋ ವಾರಕ್ಕೆ ಎಷ್ಟು ಜನಕ್ಕೆ ಅಂತ ಹೇಳಲಿ?"